‘ಪರಿಶೀಲನೆಯಲ್ಲಿದೆ’ ಅಂದ್ರೆ ನೂರಕ್ಕೆ ಎಷ್ಟು? ರಾಜಕಾರಣಿಗಳ ‘ಬಹುಶಃ’ ಮತ್ತು ‘ಖಂಡಿತ’

ಶರಾವತಿ_ಹಿನ್ನೀರು

‘ಶೀಘ್ರದಲ್ಲೇ’, ‘ಮುಂದಿನ ದಿನಗಳಲ್ಲಿ’, ‘ಪ್ರಾಮಾಣಿಕ ಪ್ರಯತ್ನ’, ‘ಸಾಧ್ಯತೆ ತಳ್ಳಿಹಾಕುವಂತಿಲ್ಲ’, ‘ನೂರಕ್ಕೆ ನೂರು’, ‘ಪ್ರಶ್ನೆಯೇ ಉದ್ಭವಿಸುವುದಿಲ್ಲ’. ಯಾವುದೇ ದಿನದ ಪತ್ರಿಕೆ ತೆಗೆದು ರಾಜಕೀಯ ಪುಟ ನೋಡಿ, ಇವಷ್ಟೂ ಸಿಗುತ್ತವೆ. ಇವಕ್ಕೆ ಅಳತೆ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ನಾನು ಚರ್ಚೆಗೆ ತರ್ತಿರೋದು, ಅಳತೆ ಇಲ್ಲದಿದ್ದರೆ ಲಾಭ ಯಾರಿಗೆ, ಓದುವವರು ಇವನ್ನ ಬಿಡಿಸಿ ನೋಡೋದು ಹೇಗೆ ಅಂತ.

ಸಡಿಲ ಮೂರು ಜಾಗದಲ್ಲಿರುತ್ತೆ: ಎಷ್ಟು ಸಂಭವ, ಎಷ್ಟರೊಳಗೆ, ಯಾರಿಂದ. ‘ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅನ್ನೋ ವಾಕ್ಯದಲ್ಲಿ ಮೂರೂ ಇಲ್ಲ. ‘ಶೀಘ್ರ’ಕ್ಕೆ ತಾರೀಖಿಲ್ಲ, ‘ಸೂಕ್ತ’ ಯಾವುದು ಅಂತಲೇ ಇಲ್ಲ, ಹಾಗಾಗಿ ಆಗೋ ಸಂಭವ ಎಷ್ಟು ಅಂತಲೂ ಇಲ್ಲ, ‘ಲಾಗುವುದು’ ಅಂದಾಗ ಮಾಡೋರೇ ವಾಕ್ಯದಿಂದ ಎದ್ದು ಹೋದರು. ಇನ್ನು ‘ಖಂಡಿತ’ ಕೇಳೋಕೆ ಗಟ್ಟಿ, ಒಳಗೆ ಅದೂ ಟೊಳ್ಳೇ. ಎಲ್ಲದಕ್ಕೂ ಖಂಡಿತ ಅನ್ನೋರ ಬಾಯಲ್ಲಿ ಆ ಪದದಿಂದ ನಮಗೆ ಹೊಸದೇನೂ ತಿಳಿಯಲ್ಲ.

ವಿಷಯ ಗೊತ್ತಿರೋರು ಬರೀರಿ. ಯಾವ ಪಕ್ಷದವರು ಜಾಸ್ತಿ ಸುಳ್ಳು ಹೇಳ್ತಾರೆ ಅನ್ನೋ ಜಗಳ ಬೇರೆ ಕಡೆ ಇಟ್ಕೊಳ್ಳೋಣ.

ಸರಾಸರಿ_ಸುಬ್ಬ

ಇದರ ಒಳ್ಳೆ ಪಾಠ ಸಿಗೋದು ರಾಜಕಾರಣಿಗಳಿಗೆ ವರದಿ ಬರೆದು ಕೊಡೋರ ಹತ್ತಿರ. 1951ರಲ್ಲಿ ಅಮೆರಿಕದ ಗುಪ್ತಚರ ಅಂದಾಜು ವರದಿಯೊಂದು, ಆ ವರ್ಷ ಯುಗೊಸ್ಲಾವಿಯಾ ಮೇಲೆ ದಾಳಿ ಆಗುವ ‘ಗಂಭೀರ ಸಾಧ್ಯತೆ’ ಇದೆ ಅಂತ ಹೇಳಿತು. ವರದಿಯ ಹೊಣೆ ಹೊತ್ತವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ಅವರನ್ನ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ‘ಗಂಭೀರ ಅಂದ್ರೆ ಎಷ್ಟು?’ ಅಂತ ಕೇಳಿದರು. ಕೆಂಟ್ ಮನಸ್ಸಲ್ಲಿದ್ದದ್ದು 65ಕ್ಕೆ 35, ಅಂದ್ರೆ ದಾಳಿ ಆಗೋಕೆ 65, ಆಗದಿರೋಕೆ 35. ಓದಿದವರು ಅದಕ್ಕಿಂತ ತುಂಬಾ ಕಡಿಮೆ ಅಂತ ತಿಳಿದಿದ್ದರು. ಆಮೇಲೆ ಕೆಂಟ್ ತಮ್ಮ ತಂಡದವರನ್ನೇ ಒಬ್ಬೊಬ್ಬರಾಗಿ ಕೇಳಿದರೆ, ಒಂದು ತುದಿಯಲ್ಲಿ 80ಕ್ಕೆ 20, ಇನ್ನೊಂದು ತುದಿಯಲ್ಲಿ 20ಕ್ಕೆ 80! ಇಷ್ಟಾದರೂ ಎಲ್ಲರೂ ಅದೇ ವಾಕ್ಯ ಒಪ್ಪಿದ್ದರು. ಒಪ್ಪಿದ್ದು ಪದವನ್ನ, ಅಂದಾಜನ್ನಲ್ಲ.

1964ರಲ್ಲಿ ಅವರು ಒಂದು ಕೋಷ್ಟಕ ಪ್ರಕಟಿಸಿದರು. ನಮ್ಮ ಮಾತಲ್ಲಿ ಹೇಳೋದಾದರೆ:

ಹೆಚ್ಚುಕಮ್ಮಿ ಖಚಿತ – ಶೇ. 93, ಆರು ಹೆಚ್ಚು ಕಡಿಮೆ
ಸಂಭವವಿದೆ – ಶೇ. 75, ಹನ್ನೆರಡು ಹೆಚ್ಚು ಕಡಿಮೆ
ಸಮಸಮ – ಶೇ. 50, ಹತ್ತು ಹೆಚ್ಚು ಕಡಿಮೆ
ಬಹುಶಃ ಇಲ್ಲ – ಶೇ. 30, ಹತ್ತು ಹೆಚ್ಚು ಕಡಿಮೆ
ಹೆಚ್ಚುಕಮ್ಮಿ ಇಲ್ಲವೇ ಇಲ್ಲ – ಶೇ. 7, ಐದು ಹೆಚ್ಚು ಕಡಿಮೆ

‘ಸಾಧ್ಯ’ ಅನ್ನೋ ಪದಕ್ಕೆ ಸಾಲೇ ಇಲ್ಲ, ಗಮನಿಸಿ. ಸೊನ್ನೆಯೂ ಅಲ್ಲ ನೂರೂ ಅಲ್ಲ ಅನ್ನೋದು ಬಿಟ್ಟರೆ ಆ ಪದ ಏನನ್ನೂ ಹೇಳಲ್ಲ. ನಮ್ಮ ರಾಜಕಾರಣದಲ್ಲಿ ಅತಿ ಹೆಚ್ಚು ಓಡಾಡೋದು ಅದೇ.

ಪದ ಸಡಿಲವಾಗಿದ್ದರೆ ಎಂಥ ಪೆಟ್ಟು ಬೀಳುತ್ತೆ ಅನ್ನೋಕೆ 1961ರ ಬೇ ಆಫ್ ಪಿಗ್ಸ್ ನೋಡಿ. ಕ್ಯೂಬಾ ಮೇಲಿನ ದಾಳಿಯ ಯೋಜನೆ ಗೆಲ್ಲೋಕೆ ‘ಫೇರ್ ಚಾನ್ಸ್’ (ತಕ್ಕಮಟ್ಟಿನ ಅವಕಾಶ) ಇದೆ ಅಂತ ಸೇನಾ ಮುಖ್ಯಸ್ಥರ ವರದಿ ಹೇಳಿತ್ತು. ಬರೆದವರ ಲೆಕ್ಕದಲ್ಲಿ ಅದು ಶೇ. 30ರ ಆಸುಪಾಸು, ಅಂದ್ರೆ ಸೋಲೋ ಸಂಭವವೇ ಜಾಸ್ತಿ. ಆ ಅಂಕಿ ಅಧ್ಯಕ್ಷ ಕೆನಡಿವರೆಗೆ ಹೋಗಲೇ ಇಲ್ಲ, ಪದ ಮಾತ್ರ ಹೋಯಿತು.

ಕಡತ_ವಿಲೇವಾರಿ

ಸುಬ್ಬ ಅವರು ಕೊಟ್ಟದ್ದು ಅಮೆರಿಕದ ಕೋಷ್ಟಕ. ನಮ್ಮಲ್ಲೂ ಒಂದು ಪಟ್ಟಿ ಇದೆ, ಅದು ಬೇರೆ ಥರದ್ದು, ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ 1953ರಿಂದ ಇದೆ, ರಾಜ್ಯಸಭೆಯಲ್ಲಿ 1972ರಿಂದ. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರು, ಮಂತ್ರಿಗಳು ಸದಸ್ಯರಾಗೋ ಹಾಗಿಲ್ಲ. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಲ್ಲೂ ಇದೇ ಹೆಸರಿನ ಸಮಿತಿಗಳಿವೆ. ಮಂತ್ರಿಗಳ ಯಾವ ಮಾತುಗಳನ್ನ ಭರವಸೆ ಅಂತ ಎಣಿಸಬೇಕು ಅನ್ನೋದಕ್ಕೆ ಸಂಸತ್ತಿನಲ್ಲಿ ಮಾದರಿ ವಾಕ್ಯಗಳ ಪಟ್ಟಿಯೇ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ನಾನು ಈ ಬಗ್ಗೆ ನೋಡುತ್ತೇನೆ’, ‘ವಿಚಾರಣೆ ನಡೆಯುತ್ತಿದೆ, ಸದಸ್ಯರಿಗೆ ತಿಳಿಸಲಾಗುವುದು’, ‘ರಾಜ್ಯ ಸರ್ಕಾರಗಳಿಗೆ ಬರೆಯುತ್ತೇನೆ’, ‘ಏನು ಮಾಡಲು ಸಾಧ್ಯವೋ ನೋಡುತ್ತೇನೆ’ ಇವೆಲ್ಲ ಅದರಲ್ಲಿವೆ. ಹೊರಗೆ ಜಾರಿಕೆ ಉತ್ತರ ಅಂತ ಕಾಣೋ ಮಾತು, ಸದನದಲ್ಲಿ ಆಡಿದರೆ ಬಾಕಿ ಸಾಲ.

ನಡೆಯೋದು ಹೀಗೆ. ಸದನದ ನಡಾವಳಿಯಿಂದ ಇಂಥ ವಾಕ್ಯಗಳನ್ನ ಸಂಸದೀಯ ವ್ಯವಹಾರಗಳ ಸಚಿವಾಲಯ ಹೆಕ್ಕಿ ಆಯಾ ಸಚಿವಾಲಯಕ್ಕೆ ಕಳಿಸುತ್ತೆ. ಮೂರು ತಿಂಗಳೊಳಗೆ ಈಡೇರಿಸಿ, ವರದಿಯನ್ನ ಸದನದ ಮುಂದೆ ಇಡಬೇಕು. ಆಗದಿದ್ದರೆ ಕಾರಣ ಕೊಟ್ಟು ಸಮಯ ಕೇಳಬೇಕು. ಕೈಬಿಡಿ ಅಂತಲೂ ಕೇಳಬಹುದು, ಒಪ್ಪೋದು ಬಿಡೋದು ಸಮಿತಿಗೆ ಬಿಟ್ಟದ್ದು. 2018ರಿಂದ ಇದೆಲ್ಲ ಆನ್‌ಲೈನ್‌ನಲ್ಲಿ ನಡೆಯುತ್ತೆ.

ಕೆಡೋದು ಎಲ್ಲಿ ಅಂದ್ರೆ, ಪಟ್ಟಿ ಇದೆ ಅಂತ ಗೊತ್ತಾದ ಮೇಲೆ ಕರಡು ಬರೆಯೋ ಕೈ ಪಟ್ಟಿಯ ಪಕ್ಕದಲ್ಲೇ ನಡೆಯೋದು ಕಲಿಯುತ್ತೆ. ಒಂದು ಉತ್ತರದ ಅಚ್ಚು ನೋಡಿ, ರಸ್ತೆ, ಶಾಲೆ ಕೊಠಡಿ, ಆಸ್ಪತ್ರೆ, ಯಾವುದಕ್ಕೂ ಒಗ್ಗುತ್ತೆ:

‘ಸದರಿ ಕಾಮಗಾರಿಯನ್ನು ಅನುದಾನದ ಲಭ್ಯತೆ ಹಾಗೂ ಆದ್ಯತೆಯನ್ನು ಆಧರಿಸಿ ಹಂತ ಹಂತವಾಗಿ ಕೈಗೆತ್ತಿಕೊಳ್ಳಲು ನಿಯಮಾನುಸಾರ ಕ್ರಮ ವಹಿಸಲಾಗುವುದು.’

‘ಅನುದಾನದ ಲಭ್ಯತೆ’ ಮೊದಲ ಬಾಗಿಲು: ದುಡ್ಡಿಲ್ಲ ಅಂದ್ರೆ ಮುಗೀತು. ‘ಆದ್ಯತೆ’ ಎರಡನೇದು: ದುಡ್ಡಿದ್ದರೂ ನಿಮ್ಮೂರು ಕೊನೆಯಲ್ಲಿರಬಹುದು. ‘ಹಂತ ಹಂತವಾಗಿ’: ಎಷ್ಟು ಹಂತ ಅಂತ ಹೇಳಿಲ್ಲ. ‘ಕೈಗೆತ್ತಿಕೊಳ್ಳಲು ಕ್ರಮ’: ಕಾಮಗಾರಿ ಮಾಡ್ತೀವಿ ಅಂದಿಲ್ಲ, ಮಾಡೋದಕ್ಕೆ ಬೇಕಾದ ಕ್ರಮ ಅಂದಿದಾರೆ, ಮೇಲಿನ ಕಚೇರಿಗೆ ಒಂದು ಪತ್ರ ಹೋದರೂ ಅದು ಕ್ರಮವೇ. ‘ನಿಯಮಾನುಸಾರ’ ಕೊನೇ ಚಿಲಕ. ಇದರಲ್ಲಿ ಸುಳ್ಳು ಹುಡುಕಿದರೆ ಒಂದೂ ಸಿಗಲ್ಲ. ಬರೆಯೋರ ಕಸುಬು ಅಂದ್ರೆ ಇದು, ಮೆಚ್ಚಲೇಬೇಕು.

ಧಾರವಾಡ_ಪೇಢೆ

ಕಡತದವರ ಮಾತಿಗೆ ನಮ್ಮ ಕಡೆ ಲೆಕ್ಕ ಒಂದು ಸೇರಿಸ್ತೀನ್ರಿ. ಕಳಸಾ-ಬಂಡೂರಿ ನೀರಿನ ಯೋಜನೆ. ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನ್ಯಾಗ ಕರ್ನಾಟಕಕ್ಕ 13.42 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ) ಕೊಡ್ತು, ಅದರಾಗ ಈ ಎರಡೂ ನಾಲಾದ್ದು 3.9. ಗೆಜೆಟ್ ಆಗಿದ್ದು 2020ರ ಫೆಬ್ರವರಿ. ಡಿಪಿಆರ್‌ಗೆ (ವಿವರವಾದ ಯೋಜನಾ ವರದಿಗೆ) ಕೇಂದ್ರ ಜಲ ಆಯೋಗ ಹೂಂ ಅಂದಿದ್ದು 2022ರ ಡಿಸೆಂಬರ್. ಒಂದೊಂದು ಮೆಟ್ಟಿಲಿಗೂ ‘ಎಲ್ಲಾ ಅಡೆತಡೆ ನಿವಾರಣೆ, ಶೀಘ್ರ ಕಾಮಗಾರಿ’ ಅನ್ನೋ ಹೇಳಿಕಿ. ಡಿಪಿಆರ್ ಆದ ಮ್ಯಾಲೂ ವನ್ಯಜೀವಿ ಮಂಡಳಿ ಐತಿ, ಅರಣ್ಯ ಅನುಮತಿ ಐತಿ, ಸುಪ್ರೀಂ ಕೋರ್ಟ್ ಐತಿ, ಟೆಂಡರ್ ಐತಿ, ರೊಕ್ಕ ಬಿಡುಗಡೆ ಐತಿ.

ಈಗ ಗುಣಾಕಾರ ಮಾಡ್ರಿ. ಐದು ಮೆಟ್ಟಿಲು ಉಳದಾವ, ಒಂದೊಂದು ಸಲೀಸಾಗಿ ದಾಟೂದಕ್ಕ ಶೇ. 80 ಸಂಭವ ಅಂತ ಧಾರಾಳ ಇಟ್ಕೊಳ್ರಿ. 0.8 ಅನ್ನ ಐದು ಸಲ ಗುಣಿಸಿದ್ರ 0.33. ಮೂರರಾಗ ಒಂದ್ ಪಾಲು! ಮಂತ್ರಿ ಮುಂದಿನ ಒಂದ ಮೆಟ್ಟಿಲ ತೋರಿಸಿ ‘ಆಗೂ ಸಾಧ್ಯತೆ ಭಾಳ ಐತಿ’ ಅಂತಾರ, ಆ ಮೆಟ್ಟಿಲಿಗೆ ಅದು ಖರೇನೂ ಇರತೈತಿ. ಮಂದಿ ಅದನ್ನ ಪೂರ್ತಿ ಯೋಜನೆಗೆ ಹಚ್ಕೊಂಡು ಕೇಳತಾರ. ಅದಕ್ಕ ‘ತಾತ್ವಿಕ ಒಪ್ಪಿಗೆ’ ಅಂತ ಕೇಳಿದ ಕೂಡಲೇ, ‘ಇನ್ನ ಎಷ್ಟು ಒಪ್ಪಿಗೆ ಬಾಕಿ, ಹೆಸರು ಹೇಳ್ರಿ’ ಅಂತ ಕೇಳಬೇಕು.

ಸರಾಸರಿ_ಸುಬ್ಬ

ಪೇಢೆ ಸರ್, ಲೆಕ್ಕ ಸರಿ. ಒಂದೇ ತಿದ್ದುಪಡಿ: ಮೆಟ್ಟಿಲುಗಳು ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಕೇಂದ್ರಕ್ಕೆ ರಾಜಕೀಯ ಮನಸ್ಸು ಬಂದರೆ ಮೂರು ಒಪ್ಪಿಗೆ ಒಟ್ಟಿಗೇ ಬರಬಹುದು, ಆಗ ಸಂಭವ 0.33ಕ್ಕಿಂತ ಮೇಲೆ. ಮನಸ್ಸಿಲ್ಲದಿದ್ದರೆ ಮೂರೂ ಒಟ್ಟಿಗೇ ಕೂರುತ್ತವೆ.

ನಾಲೆ_ಏರಿ

ಸಂಭವದ ಅಂಕಿ ಕಾಗದದ ಮೇಲೆ ಅಚ್ಚಾಗಿದ್ದೂ ಭಾಷಣದಲ್ಲಿ ಕಾಣೆಯಾಗೋ ಜಾಗ ಅಂದ್ರೆ ಕಾವೇರಿ.

ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಕೊಳ್ಳದ ಒಟ್ಟು ನೀರು 740 ಟಿಎಂಸಿ ಅಂತ ಹಿಡಿದದ್ದು ಶೇ. 50 ಅವಲಂಬನೆಯಲ್ಲಿ. ಅಂದ್ರೆ ನೂರು ವರ್ಷದಲ್ಲಿ ಸುಮಾರು ಐವತ್ತು ವರ್ಷ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹರಿಯುತ್ತೆ, ಉಳಿದ ಐವತ್ತು ವರ್ಷ ಕಡಿಮೆ. ಕೃಷ್ಣಾ ಕಡೆ ಮೊದಲ ನ್ಯಾಯಮಂಡಳಿ ಹಿಡಿದದ್ದು ಶೇ. 75 ಅವಲಂಬನೆ, 2060 ಟಿಎಂಸಿ. ಎರಡನೇದು 2010ರಲ್ಲಿ ಶೇ. 65ಕ್ಕೆ ಇಳಿಸಿ 2293 ಅಂದಿತು. ನದಿಗೆ ಹೊಸ ನೀರೇನೂ ಬರಲಿಲ್ಲ, ಲೆಕ್ಕಕ್ಕೆ ಹಿಡಿದ ವರ್ಷಗಳು ಮತ್ತು ಒಪ್ಪಿಕೊಂಡ ಅಪಾಯ ಬದಲಾದವು, ಅಷ್ಟೇ. ಆದರೆ ವೇದಿಕೆ ಮೇಲೆ ಇದು ‘ಹೆಚ್ಚುವರಿ ನೀರು ಸಿಕ್ಕಿತು’ ಅಂತ ಆಗುತ್ತೆ. ಸಿಕ್ಕಿತು ಅನ್ನೋದರ ಜೊತೆ ‘ಮೂರು ವರ್ಷಕ್ಕೊಮ್ಮೆ ಸಿಗದೆಯೂ ಇರಬಹುದು’ ಅಂತ ಯಾರೂ ಸೇರಿಸಲ್ಲ.

ಕಾವೇರಿಗೇ ಬಂದರೆ, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಮ್ಮ ಪಾಲು 284.75 ಟಿಎಂಸಿ, ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದು 177.25. ಅದರಲ್ಲಿ ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ಇದು ಸಾಮಾನ್ಯ ವರ್ಷದ ವೇಳಾಪಟ್ಟಿ. ಕೊರತೆಯಾದರೆ ಅದೇ ಪ್ರಮಾಣದಲ್ಲಿ ಎಲ್ಲರಿಗೂ ಕಡಿತ. ಶೇ. 50 ಅವಲಂಬನೆ ಅಂದಮೇಲೆ ಸಂಕಷ್ಟ ವರ್ಷ ಬರೋದು ಆಕಸ್ಮಿಕ ಅಲ್ಲ, ಒಪ್ಪಂದದೊಳಗೇ ಕೂತಿದೆ. ಹೀಗಿದ್ದೂ ಪ್ರತಿ ಸಲ ಎರಡೂ ಕಡೆ ಅದೇ ಖಚಿತ ಮಾತು: ಇಲ್ಲಿ ‘ಒಂದು ಹನಿಯನ್ನೂ ಬಿಡುವ ಪ್ರಶ್ನೆಯೇ ಇಲ್ಲ’, ಅಲ್ಲಿ ‘ನಮ್ಮ ಪಾಲಿನ ಒಂದು ಹನಿಯನ್ನೂ ಬಿಟ್ಟುಕೊಡುವುದಿಲ್ಲ’.

ಘಟಕ ಬದಲಿಸಿ ಮಂಕುಬೂದಿ ಎರಚೋದು ಇನ್ನೊಂದು. 2023ರ ಆಗಸ್ಟ್ ಕೊನೆಯಲ್ಲಿ 15 ದಿನ 5,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಬಿಡಲು ಆದೇಶ ಆಯಿತು. ಸಣ್ಣದಾಗಿ ತೋರಿಸಬೇಕು ಅನ್ನೋರು ‘ಬರೀ ಐದು ಸಾವಿರ’ ಅಂದ್ರು, ದೊಡ್ಡದು ಮಾಡೋರು ಟಿಎಂಸಿಗೆ ತಂದ್ರು. ಲೆಕ್ಕ ಸುಲಭ: 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. 5,000 ಅನ್ನ 15ರಿಂದ ಗುಣಿಸಿ 11,574ರಿಂದ ಭಾಗಿಸಿ: 6.48 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಜಲಾಶಯದಲ್ಲಿ ಇರೋದು 49.45 ಟಿಎಂಸಿ.

ಗಾಂಧಿಬಜಾರ್_ಕಾಫಿ

ಎಲ್ಲ ಸರಿ, ಆದರೆ ಒಂದು ನಿಮಿಷ ಮಂತ್ರಿಯ ಕುರ್ಚಿಯಲ್ಲಿ ಕೂತು ನೋಡ್ರಪ್ಪ. ‘ಈ ಯೋಜನೆ ಮಾರ್ಚ್‌ಗೆ ಮುಗಿಯುವ ಸಂಭವ ಶೇ. 70’ ಅಂತ ಪ್ರಾಮಾಣಿಕವಾಗಿ ಹೇಳಿದ ಅಂತಿಟ್ಕೊಳ್ಳಿ. ಹತ್ತು ನಿಮಿಷದಲ್ಲಿ ಟಿವಿಯಲ್ಲಿ ‘ಶೇ. 30 ವಿಫಲ ಎಂದು ಒಪ್ಪಿಕೊಂಡ ಸಚಿವ!’ ಅಂತ ಕೆಂಪು ಪಟ್ಟಿ. ವಿರೋಧ ಪಕ್ಷದವರು ರಾಜೀನಾಮೆ ಕೇಳ್ತಾರೆ. ಅಂಕಿ ಹೇಳಿದೋನಿಗೇ ದಂಡ, ‘ಶೀಘ್ರದಲ್ಲೇ’ ಅಂದೋನಿಗೆ ಹಾರ. ಹೀಗಿರುವಾಗ ಅವನು ಪದ ಸಡಿಲ ಮಾಡದೆ ಇನ್ನೇನು ಮಾಡ್ತಾನೆ?

ಕಡತ_ವಿಲೇವಾರಿ

ಒಪ್ತೀನಿ, ಅರ್ಧ. ಅಂಕಿ ಬೇಡ ಅಂದ್ರೆ ಬೇಡ. ತಾರೀಖು ಮತ್ತು ಹುದ್ದೆ ಹೇಳೋಕೆ ಯಾವ ಟಿವಿ ಅಡ್ಡ ಬಂದಿದೆ? ‘ಮಾರ್ಚ್ 31ರೊಳಗೆ ಟೆಂಡರ್ ಕರೆಯಲಾಗುವುದು, ಹೊಣೆ ಕಾರ್ಯಪಾಲಕ ಎಂಜಿನಿಯರ್’ ಅನ್ನೋದರಲ್ಲಿ ಶೇಕಡಾವಾರು ಎಲ್ಲೂ ಇಲ್ಲ. ಅದನ್ನೂ ಹೇಳಲ್ಲ ಅಂದಮೇಲೆ ಭಯ ಟಿವಿಯದಲ್ಲ.

ಲಂಡನ್_ಬಿಸಿಬೇಳೆ

ಇಲ್ಲಿಯ ಒಂದು ಪ್ರಕರಣ ಹೇಳ್ತೀನಿ. ಪದ ಸಡಿಲ ಮಾಡೋದಲ್ಲ, ಇದು ಉಲ್ಟಾ: ಸಡಿಲ ಇದ್ದದ್ದನ್ನ ಬಿಗಿ ಮಾಡಿದ್ದು.

2002ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಜಂಟಿ ಗುಪ್ತಚರ ಸಮಿತಿ, ಇರಾಕಿನ ಅಸ್ತ್ರಗಳ ಬಗ್ಗೆ ತಮಗೆ ಸಿಕ್ಕಿರೋ ಮಾಹಿತಿ ಅಲ್ಲೊಂದು ಇಲ್ಲೊಂದು, ತೇಪೆ ತೇಪೆ ಅಂತ ಒಳಗೊಳಗೆ ಬರೆದಿತ್ತು. ಆಗಸ್ಟ್ 26ಕ್ಕೆ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ, ಸದ್ದಾಂ ಬಳಿ ಸಾಮೂಹಿಕ ವಿನಾಶದ ಅಸ್ತ್ರ ಇರೋದರಲ್ಲಿ ‘ಅನುಮಾನವೇ ಇಲ್ಲ’ ಅಂದರು. ಬ್ರಿಟಿಷ್ ಸರ್ಕಾರ ಸೆಪ್ಟೆಂಬರ್ 24ರಂದು ಈ ಅಸ್ತ್ರಗಳ ಬಗ್ಗೆ ಪ್ರಕಟಿಸಿದ ಕಡತದ ಮುನ್ನುಡಿಯಲ್ಲಿ ಆಗಿನ ಪ್ರಧಾನಿ ಟೋನಿ ಬ್ಲೇರ್, ಗುಪ್ತಚರ ಮಾಹಿತಿ ಇದನ್ನ ‘ಅನುಮಾನಕ್ಕೆಡೆಯಿಲ್ಲದಂತೆ’ ಸ್ಥಾಪಿಸಿದೆ ಅಂತ ತಾವು ನಂಬೋದಾಗಿ ಬರೆದರು. ಅಸ್ತ್ರ ಸಿಗಲಿಲ್ಲ. ಇರಾಕ್ ಯುದ್ಧದ ತನಿಖೆ ಮಾಡಿದ 2016ರ ಜುಲೈ 6ರ ಚಿಲ್ಕಾಟ್ ವರದಿಯ ಟೀಕೆಯೂ ಇದೇ ಜಾಗಕ್ಕೆ: ಸಮರ್ಥನೆ ಇಲ್ಲದಷ್ಟು ಖಚಿತತೆಯಿಂದ ಮುಂದಿಟ್ಟರು ಅಂತ. ಬ್ಲೇರ್ ವಾಕ್ಯದಲ್ಲಿ ‘ನಾನು ನಂಬುತ್ತೇನೆ’ ಅನ್ನೋದೂ ಇದೆ, ‘ಅನುಮಾನಕ್ಕೆಡೆಯಿಲ್ಲ’ ಅನ್ನೋದೂ ಇದೆ. ಜನಕ್ಕೆ ಕೇಳಿಸಿದ್ದು ಎರಡನೇದು, ಆಮೇಲೆ ಆಸರೆಗೆ ಸಿಗೋದು ಮೊದಲನೇದು.

ಈಗ ಇಲ್ಲಿನ ಗುಪ್ತಚರ ವಿಶ್ಲೇಷಕರಿಗೆ ಒಂದು ಅಳತೆಪಟ್ಟಿ ಇದೆ: ‘ಬಹಳ ಸಂಭವನೀಯ’ ಅಂದ್ರೆ ಶೇ. 80ರಿಂದ 90, ‘ಹೆಚ್ಚುಕಮ್ಮಿ ಖಚಿತ’ ಅಂದ್ರೆ 95ರ ಮೇಲೆ, ಪದಗಳ ನಡುವೆ ಬೇಕಂತಲೇ ಖಾಲಿ ಜಾಗ. 2018ರ ಮಾರ್ಚ್ 12ರಂದು ಸಾಲ್ಸ್‌ಬರಿ ವಿಷಪ್ರಾಶನದ (ರಷ್ಯಾದ ಮಾಜಿ ಗೂಢಚಾರನಿಗೆ ವಿಷ ಹಾಕಿದ್ದು) ಬಗ್ಗೆ ಆಗಿನ ಪ್ರಧಾನಿ ಥೆರೇಸಾ ಮೇ ಸಂಸತ್ತಿನಲ್ಲಿ ರಷ್ಯಾ ಹೊಣೆ ಅನ್ನೋದು ‘ಹೈಲಿ ಲೈಕ್ಲಿ’ (ಬಹಳ ಸಂಭವನೀಯ) ಅಂದರು, ಆ ಪಟ್ಟಿಯಲ್ಲೇ ಇರೋ ಪದ. ಮರುವರ್ಷ ಬೋರಿಸ್ ಜಾನ್ಸನ್, ಒಪ್ಪಂದ ಇಲ್ಲದೆ ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರೋದು) ಆಗೋ ಸಂಭವ ‘ಹತ್ತು ಲಕ್ಷಕ್ಕೆ ಒಂದು’ ಅಂದರು. ಕೆಲವೇ ವಾರಗಳಲ್ಲಿ ಅವರದೇ ಸರ್ಕಾರ ಅದಕ್ಕೆ ಸಿದ್ಧತೆ ಮಾಡ್ತಿತ್ತು. ಹೀಗಾಗಿ ಅಂಕಿ ಬಂದರೆ ನಿಖರತೆ ಬಂತು ಅಂತಲೂ ಅಂದ್ಕೋಬೇಡಿ.

ಸರಾಸರಿ_ಸುಬ್ಬ

ಬಿಸಿಬೇಳೆ ಅವರು ಹೇಳಿದ ಬ್ಲೇರ್ ವಾಕ್ಯ ಮುಖ್ಯ. ಅದರಲ್ಲಿ ಎರಡು ಬೇರೆ ಅಳತೆ ಬೆರೆತಿವೆ: ಘಟನೆ ನಡೆಯೋ ಸಂಭವ ಒಂದು, ಹೇಳೋರಿಗೆ ತಮ್ಮ ಮಾಹಿತಿಯ ಮೇಲಿರೋ ಭರವಸೆ ಇನ್ನೊಂದು. ಅಮೆರಿಕದ ಗುಪ್ತಚರ ಬರಹದ ನಿಯಮದಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು ಅಂತಲೇ ಇದೆ. ನಮ್ಮ ‘ಗೆದ್ದೇ ಗೆಲ್ತೀವಿ ಅನ್ನೋ ಪೂರ್ಣ ವಿಶ್ವಾಸ ನನಗಿದೆ’ ಹೇಳೋದು ಬರೀ ಎರಡನೇದನ್ನ. ಸೋತರೆ ವಿಶ್ವಾಸ ಇತ್ತು ಅನ್ನೋದು ಸುಳ್ಳಾಗಲ್ಲವಲ್ಲ!

ನಾಯಕರ ಭವಿಷ್ಯವಾಣಿಗೆ ಅಂಕ ಕೊಡೋಕೆ ಬ್ರಿಯರ್ ಅಂಕ ಅನ್ನೋ ಸರಳ ವಿಧಾನ ಇದೆ. ಹೇಳಿಕೆ ಬಂದ ದಿನವೇ ಪದಕ್ಕೆ ನೀವೊಂದು ಅಂಕಿ ಕೊಡಿ, ‘ಖಂಡಿತ’ಕ್ಕೆ 0.95 ಅಂತಿರಲಿ. ಘಟನೆ ಆದರೆ 1, ಆಗದಿದ್ದರೆ 0. ವ್ಯತ್ಯಾಸದ ವರ್ಗ ತೆಗೀರಿ. 0.95 ಅಂದು ಆದರೆ 0.0025, ಆಗದಿದ್ದರೆ 0.9025. 0.6 ಅಂದು ಆಗದಿದ್ದರೆ 0.36. ಏನೂ ಗೊತ್ತಿಲ್ಲದೆ ಎಲ್ಲದಕ್ಕೂ ಅರ್ಧ ಅನ್ನೋರಿಗೆ ಯಾವಾಗಲೂ 0.25. ಸರಾಸರಿ 0.25ಕ್ಕಿಂತ ಜಾಸ್ತಿ ಬಂದರೆ ಆ ನಾಯಕರಿಗಿಂತ ನಾಣ್ಯ ವಾಸಿ. ಎಡವೋದು ಎರಡು ಕಡೆ: ಫಲಿತಾಂಶ ಬಂದ ಮೇಲೆ ಪದಕ್ಕೆ ಅಂಕಿ ಕೊಡೋದು, ಗಡುವಿಲ್ಲದ ಹೇಳಿಕೆಯನ್ನೂ ಪಟ್ಟಿಗೆ ಸೇರಿಸೋದು. ಗಡುವಿಲ್ಲದ್ದು ಯಾವತ್ತೂ ಸುಳ್ಳಾಗಲ್ಲ, ಅದನ್ನ ‘ಎಣಿಸಲು ಬಾರದ್ದು’ ಅಂತ ಬೇರೆ ಕಾಲಂನಲ್ಲಿ ಬರೀರಿ. ಆ ಕಾಲಂ ಎಷ್ಟು ಉದ್ದ ಅನ್ನೋದೇ ಒಂದು ಅಂಕ.

ಶರಾವತಿ_ಹಿನ್ನೀರು

ಕಡತದವರೇ, ಇದನ್ನ ನಾಗರಿಕರು ದಾಖಲೆಯಲ್ಲಿ ಹಿಡಿಯೋಕೆ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಆಗುತ್ತಾ? ‘ಯಾವಾಗ ಮಾಡ್ತೀರಿ’ ಅಂತ ಕೇಳಿದ ಅರ್ಜಿಗಳು ವಾಪಸ್ ಬರ್ತವೆ ಅಂತಾರೆ.

ಕಡತ_ವಿಲೇವಾರಿ

ವಾಪಸ್ ಬರಲೇಬೇಕು. ಆ ಕಾಯ್ದೆಯಲ್ಲಿ ಕೇಳಬಹುದಾದ್ದು ದಾಖಲೆಯಲ್ಲಿರೋ ಮಾಹಿತಿ. ಮುಂದೆ ಏನು ಮಾಡ್ತೀರಿ, ಯಾಕೆ ಮಾಡಲಿಲ್ಲ ಅಂತ ಕೇಳಿದರೆ ಅದು ದಾಖಲೆಯಲ್ಲಿ ಇಲ್ಲ ಅಂತ ಮುಗಿಸ್ತಾರೆ. ಅದಕ್ಕೆ ‘ಪರಿಶೀಲನೆಯಲ್ಲಿದೆ’ ಅನ್ನೋ ಉತ್ತರವನ್ನೇ ಹಿಡಿಯಿರಿ. ಪರಿಶೀಲನೆಯಲ್ಲಿದ್ದರೆ ಕಡತ ಇರಬೇಕು, ಕಡತಕ್ಕೆ ಸಂಖ್ಯೆ ಇರಬೇಕು. ಹೀಗೆ ಕೇಳಿ: ಇಂಥ ದಿನಾಂಕದ ಇಂಥ ಉತ್ತರದಲ್ಲಿ ಹೇಳಿದ ಪ್ರಸ್ತಾವನೆಯ ಕಡತ ಸಂಖ್ಯೆ, ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಕಡತ ಈಗ ಯಾವ ಅಧಿಕಾರಿಯ ಬಳಿ, ಯಾವ ದಿನದಿಂದ, ಲೆಕ್ಕ ಶೀರ್ಷಿಕೆ (ದುಡ್ಡು ಬರೋ ಬಜೆಟ್ ಖಾತೆ) ಮತ್ತು ಈ ವರ್ಷದ ಹಂಚಿಕೆ. ‘ಯಾಕೆ’ ಬೇಡ, ‘ಯಾವಾಗ’ ಬೇಡ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಸ್ತೆ, ಚರಂಡಿ ಎರಡನ್ನೂ ಒಂದರಲ್ಲಿ ತುರುಕಿದರೆ ಆ ಕಾರಣಕ್ಕೇ ತಿರಸ್ಕರಿಸ್ತಾರೆ. ಟಿಪ್ಪಣಿ ಹಾಳೆ ಕೈಗೆ ಬಂದಾಗ ಕೊನೆಯ ಸಹಿಯ ತಾರೀಖು ನೋಡಿ. ಸಚಿವರ ಉತ್ತರಕ್ಕಿಂತ ಎಂಟು ತಿಂಗಳು ಹಿಂದಿನದಾಗಿದ್ದರೆ ‘ಪರಿಶೀಲನೆ’ಯ ಬೆಲೆ ಎಷ್ಟು ಅಂತ ಗೊತ್ತಾಯಿತು. ಅದನ್ನ ನಿಮ್ಮ ಕ್ಷೇತ್ರದ ಶಾಸಕರಿಗೋ ಭರವಸೆಗಳ ಸಮಿತಿಯ ಸದಸ್ಯರಿಗೋ ತಲುಪಿಸಿ.

ಗಾಂಧಿಬಜಾರ್_ಕಾಫಿ

ಸರಿ, ಇದು ಉಪಯೋಗಕ್ಕೆ ಬರೋ ಮಾತು. ‘ಹೈಕಮಾಂಡ್ ತೀರ್ಮಾನಕ್ಕೆ ಬದ್ಧ’ ಅನ್ನೋದಕ್ಕೆ ಕಡತ ಸಂಖ್ಯೆ ಎಲ್ಲಿಂದ ತರ್ತೀರೋ ನೋಡೋಣ 🙂

ನಾಲೆ_ಏರಿ

ಅದು ಸಿಗಲ್ಲ ಬಿಡಿ. ಬೇಸಿಗೆ ಮುಗಿಯೋ ಮೊದಲೇ ಕೇಳಿಬರೋ ‘ಈ ಸಲ ವಾಡಿಕೆ ಮಳೆ, ರೈತರು ಆತಂಕ ಪಡಬೇಕಿಲ್ಲ’ ಅನ್ನೋದನ್ನ ಬಿಡಿಸಿ ಮುಗಿಸ್ತೀನಿ. ಹವಾಮಾನ ಇಲಾಖೆಯ ‘ವಾಡಿಕೆ’ ಅಂದ್ರೆ ಇಡೀ ದೇಶದ ನಾಲ್ಕು ತಿಂಗಳ ಮಳೆ, ದೀರ್ಘಾವಧಿ ಸರಾಸರಿ 87 ಸೆಂ.ಮೀ.ಯ ಶೇ. 96ರಿಂದ 104. ಏಪ್ರಿಲ್ ಮುನ್ಸೂಚನೆಗೆ ಐದು ಅಂಶ ಹೆಚ್ಚು ಕಡಿಮೆ ಆಗಬಹುದು ಅಂತ ಇಲಾಖೆಯೇ ಬರೆಯುತ್ತೆ. 2023ರಲ್ಲಿ ಶೇ. 96 ಅಂದರು, ಬಿದ್ದದ್ದು 94. ಇಲಾಖೆ ತಪ್ಪಲಿಲ್ಲ, ಹೇಳಿದ ಅಂತರದೊಳಗೇ ಇತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ‘ಐದು ಅಂಶ ಹೆಚ್ಚು ಕಡಿಮೆ’ ಮತ್ತು ‘ಇಡೀ ದೇಶದ’ ಅನ್ನೋ ಎರಡು ತುಂಡು ಇಲಾಖೆಯ ಪ್ರಕಟಣೆಯಲ್ಲಿ ಇದ್ದವು, ಭಾಷಣಕ್ಕೆ ಬರುವಷ್ಟರಲ್ಲಿ ಉದುರಿದ್ದವು. ಭತ್ತ ನಾಟಿ ಮಾಡಬೇಕೋ ರಾಗಿಗೆ ಹೋಗಬೇಕೋ ಅನ್ನೋರಿಗೆ ಬೇಕಿದ್ದದ್ದು ಆ ಎರಡೇ.